ಜೀವಕೋಶ, ವರ್ಣತಂತು, ಜೀನ್, ಡಿಎನ್‌ಎ: ಪದೇ ಪದೇ ಕೇಳುವ ಪ್ರಶ್ನೆಗಳು

ಈ ನಾಲ್ಕು ಪದಗಳು ಶಾಲೆಯಲ್ಲಿ ಒಟ್ಟಿಗೇ ಬರುತ್ತವೆ, ಒಟ್ಟಿಗೇ ಕಲಸಿಹೋಗುತ್ತವೆ. ಎಷ್ಟೋ ವರ್ಷ ಆದಮೇಲೆ ಯಾವುದೋ ಪರೀಕ್ಷೆಯ ವರದಿ ಕೈಗೆ ಬಂದಾಗ ಅದೇ ಗೊಂದಲ ಮತ್ತೆ ಎದ್ದು ಕೂರುತ್ತದೆ. ಮಾತಿನಲ್ಲೂ ಪತ್ರಗಳಲ್ಲೂ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು ಬರುತ್ತವೆ. ಯಾವುದನ್ನು ಬೇಕಾದರೂ ಬಿಡಿಯಾಗಿ ಓದಬಹುದು.

## ಮೊದಲಿಗೆ ಬೇಕಾದವು

ಡಿಎನ್‌ಎ, ಜೀನ್, ವರ್ಣತಂತು ಇವೆಲ್ಲ ಒಂದೇನಾ, ಬೇರೆ ಬೇರೆನಾ?

ವಸ್ತು ಒಂದೇ, ನೋಡುವ ದೂರ ಬೇರೆ. ಡಿಎನ್‌ಎ ಅನ್ನುವುದು ಒಂದು ರಾಸಾಯನಿಕದ ಹೆಸರು. ತುಂಬಾ ಉದ್ದದ, ತುಂಬಾ ತೆಳ್ಳಗಿನ ಎಳೆ ಅದು. ಆ ಎಳೆಯ ಒಂದು ಭಾಗದಲ್ಲಿ ಕೋಶಕ್ಕೆ ಬೇಕಾದ ಯಾವುದೋ ಒಂದು ವಸ್ತುವನ್ನು ತಯಾರಿಸುವ ಮಾಹಿತಿ ಇದ್ದರೆ ಆ ಭಾಗಕ್ಕೆ ಜೀನ್ ಅಂತ ಹೆಸರು. ಪಠ್ಯಪುಸ್ತಕದ ‘ವಂಶವಾಹಿ’ ಇದೇ. ಇಡೀ ಎಳೆಯನ್ನು ಪ್ರೋಟೀನಿನ ಜೊತೆ ಸುತ್ತಿ ಕಟ್ಟಿಟ್ಟರೆ ಅದು ವರ್ಣತಂತು, ಅಂದರೆ ಕ್ರೋಮೋಸೋಮ್. ಇವೆಲ್ಲ ವಾಸ ಮಾಡುವ ಮನೆ ಜೀವಕೋಶ.

ಹಾಗಾಗಿ ‘ವರ್ಣತಂತುವಿನ ಒಳಗೆ ಜೀನ್, ಜೀನ್ ಒಳಗೆ ಡಿಎನ್‌ಎ’ ಅನ್ನುವ ಡಬ್ಬಿಯೊಳಗೆ ಡಬ್ಬಿಯ ಚಿತ್ರ ಪೂರ್ತಿ ಸರಿಯಲ್ಲ. ಜೀನ್ ಅನ್ನುವುದು ಡಿಎನ್‌ಎ ತುಂಬಿದ ಚೀಲ ಅಲ್ಲ. ಎಳೆಯ ಮೇಲೆ ಇಲ್ಲಿಂದ ಇಲ್ಲಿಯವರೆಗೆ ಅಂತ ಗುರುತು ಹಾಕಿದ ಜಾಗ. ರಸ್ತೆಗೂ ಆ ರಸ್ತೆಯ ಒಂದು ಮೈಲಿಗೂ ಇರುವ ಸಂಬಂಧವೇ ಇಲ್ಲೂ ಇರುವುದು.

ದೇಹದ ಎಲ್ಲಾ ಜೀವಕೋಶದಲ್ಲೂ ಡಿಎನ್‌ಎ ಇರುತ್ತಾ?

ಇಲ್ಲ. ದೊಡ್ಡವರ ದೇಹದಲ್ಲಿ ಅಂದಾಜು 30ರಿಂದ 37 ಲಕ್ಷ ಕೋಟಿ ಜೀವಕೋಶಗಳಿವೆ. ಅದರಲ್ಲಿ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಕೆಂಪು ರಕ್ತಕಣಗಳೇ. ಅವು ಬಲಿಯುವಾಗ ತಮ್ಮ ಕೋಶಕೇಂದ್ರವನ್ನು, ಅಂದರೆ ನ್ಯೂಕ್ಲಿಯಸ್ ಅನ್ನು, ಹೊರಗೆ ತಳ್ಳಿಬಿಡುತ್ತವೆ. ಆಮೇಲೆ ಸುಮಾರು 120 ದಿನ ಆಮ್ಲಜನಕ ಹೊತ್ತು ತಿರುಗಿ ಸಾಯುತ್ತವೆ. ರಿಪೇರಿಗೂ ಸೂಚನೆ ಇಲ್ಲ, ಮರಿ ಮಾಡಲೂ ಸೂಚನೆ ಇಲ್ಲ.

ಹಾಗಾದರೆ ರಕ್ತದ ಕಲೆಯಿಂದ ಡಿಎನ್‌ಎ ತೆಗೆಯುತ್ತಾರಲ್ಲ ಅಂತ ಕೇಳಬಹುದು. ಅದು ಬಿಳಿ ರಕ್ತಕಣಗಳಿಂದ ಬರುತ್ತದೆ.

ವರ್ಣತಂತು ಅಂತ ಹೆಸರು ಯಾಕೆ? ಅದಕ್ಕೆ ಬಣ್ಣ ಇದೆಯಾ?

ಬಣ್ಣ ಇಲ್ಲ, ಬಣ್ಣ ಹೀರುತ್ತದೆ. ಸೂಕ್ಷ್ಮದರ್ಶಕದಲ್ಲಿ ಕಾಣಲಿ ಅಂತ ಕೋಶಗಳಿಗೆ ಬಣ್ಣ ಹಾಕಿದಾಗ ಈ ಎಳೆಗಳು ಗಾಢವಾಗಿ ಎದ್ದು ಕಂಡವು. 1888ರಲ್ಲಿ ಜರ್ಮನಿಯ ವಾಲ್ಡೆಯರ್ ಅದಕ್ಕೇ ‘ಬಣ್ಣದ ಕಾಯ’ ಎಂಬ ಅರ್ಥದ ಗ್ರೀಕ್ ಹೆಸರಿಟ್ಟರು. ಕನ್ನಡದಲ್ಲಿ ಅದು ವರ್ಣತಂತು ಆಯಿತು. ನನಗೆ ಕೇಳಿದರೆ ಕನ್ನಡದ ಹೆಸರೇ ಮೇಲು, ಎಳೆ ಅನ್ನುವುದನ್ನೂ ಹೇಳಿಬಿಡುತ್ತದೆ.

ಮನುಷ್ಯನಿಗೆ 46 ವರ್ಣತಂತು ಅಂತಾರೆ. ಇದನ್ನು ಎಣಿಸಿದವರು ಯಾರು?

ಸರಿಯಾಗಿ ಎಣಿಸಿದ್ದು 1955ರಲ್ಲಿ. ಸ್ವೀಡನ್ನಿನ ಲುಂಡ್‌ನಲ್ಲಿ ಜೋ ಹಿನ್ ಚಿಯೋ ಮತ್ತು ಆಲ್ಬರ್ಟ್ ಲೆವಾನ್ ಎಣಿಸಿದರು, ಮರುವರ್ಷ ಪ್ರಕಟಿಸಿದರು. ಅದಕ್ಕೂ ಮುಂಚೆ ಮೂವತ್ತು ವರ್ಷಗಳಷ್ಟು ಕಾಲ ಪುಸ್ತಕಗಳಲ್ಲಿದ್ದದ್ದು 48!

ತಪ್ಪಾಗಿದ್ದಕ್ಕೆ ಕಾರಣ ಇತ್ತು. ವರ್ಣತಂತುಗಳು ಒಂದರ ಮೇಲೊಂದು ಬಿದ್ದುಕೊಂಡಿರುತ್ತಿದ್ದವು, ಗುಡ್ಡೆ ಹಾಕಿದ ದಾರದ ಹಾಗೆ. ಕೋಶಗಳನ್ನು ತೆಳು ಉಪ್ಪುನೀರಿನಲ್ಲಿ ಇಟ್ಟರೆ ಅವು ನೀರು ಕುಡಿದು ಉಬ್ಬುತ್ತವೆ, ಒಳಗಿನ ಎಳೆಗಳು ಬಿಡಿಬಿಡಿಯಾಗಿ ಹರಡಿಕೊಳ್ಳುತ್ತವೆ. ಈ ಉಪಾಯ ಸಿಕ್ಕಮೇಲೆ ಎಣಿಕೆ ಸಲೀಸಾಯಿತು. ಆದರೆ ಮೂವತ್ತು ವರ್ಷ ಕಣ್ಣಿಗೆ 46 ಕಂಡವರೂ 48 ಇರಲೇಬೇಕು ಅಂತ ಹುಡುಕುತ್ತಿದ್ದರು ಅನ್ನುವುದು ನನಗೆ ಆ ಉಪಾಯಕ್ಕಿಂತ ಜಾಸ್ತಿ ಕುತೂಹಲದ ಸಂಗತಿ.

ಚಿತ್ರದಲ್ಲಿ ವರ್ಣತಂತು ‘ಎಕ್ಸ್’ ಆಕಾರದಲ್ಲಿರುತ್ತೆ. ಅದರ ಒಂದು ಕಾಲು ಅಮ್ಮನದು, ಇನ್ನೊಂದು ಅಪ್ಪನದು, ಅಲ್ವಾ?

ಅಲ್ಲ. ಈ ತಪ್ಪು ತಿಳಿವಳಿಕೆ ಎಷ್ಟು ಹರಡಿದೆ ಅಂದರೆ ಪಾಠ ಹೇಳುವವರೂ ಕೆಲವೊಮ್ಮೆ ಹೀಗೇ ಹೇಳುತ್ತಾರೆ.

ಕೋಶ ಒಡೆದು ಎರಡಾಗುವ ಮುಂಚೆ ಪ್ರತಿ ಎಳೆಯ ಒಂದು ನಕಲು ತಯಾರಾಗುತ್ತದೆ. ಅಸಲು, ನಕಲು ಎರಡೂ ನಡುವೆ ಒಂದು ಕಡೆ ಅಂಟಿಕೊಂಡಿರುತ್ತವೆ. ಆಗ ಫೋಟೋ ತೆಗೆದರೆ ‘ಎಕ್ಸ್’ ಕಾಣುತ್ತದೆ. ಅಂದರೆ ಎರಡೂ ಕಡೆಯದು ಒಂದೇ ಬರಹ. ಅಮ್ಮನಿಂದ ಬಂದ ವರ್ಣತಂತುವೇ ಬೇರೆ ಎಕ್ಸ್, ಅಪ್ಪನಿಂದ ಬಂದದ್ದೇ ಬೇರೆ ಎಕ್ಸ್. ‘23 ಜೋಡಿ’ ಅನ್ನುವಾಗ ಜೋಡಿ ಅಂದರೆ ಆ ಎರಡು. ಉಳಿದ ಸಮಯದಲ್ಲಿ ವರ್ಣತಂತುಗಳು ಸಡಿಲವಾಗಿ ನ್ಯೂಕ್ಲಿಯಸ್ ತುಂಬಾ ಹರಡಿಕೊಂಡಿರುತ್ತವೆ, ಯಾವ ಆಕಾರವೂ ಕಾಣುವುದಿಲ್ಲ.

ಇನ್ನೊಂದು ಮಾತು. ಲಿಂಗ ನಿರ್ಧರಿಸುವ ಎಕ್ಸ್ ವರ್ಣತಂತುವಿಗೆ ಆ ಹೆಸರು ಬಂದದ್ದು ಆಕಾರದಿಂದಲ್ಲ. 1891ರಲ್ಲಿ ಹೆಂಕಿಂಗ್ ಅದನ್ನು ಒಂದು ಕೀಟದಲ್ಲಿ ನೋಡಿದರು. ಇದೇನೆಂದು ಗೊತ್ತಾಗಲಿಲ್ಲ, ಬೀಜಗಣಿತದ ರೀತಿ ‘ಎಕ್ಸ್’ ಅಂತ ಬರೆದಿಟ್ಟರು. ವೈ ಅನ್ನುವುದು ಮುಂದಿನ ಅಕ್ಷರ, ಅಷ್ಟೇ.

## ಎಳೆಯನ್ನು ಹತ್ತಿರದಿಂದ ನೋಡಿದರೆ

ಎರಡು ಮೀಟರ್ ಡಿಎನ್‌ಎ ಕಣ್ಣಿಗೂ ಕಾಣದ ಕೋಶದಲ್ಲಿ ಹೇಗೆ ಹಿಡಿಸುತ್ತೆ?

ಲೆಕ್ಕ ಹಾಕಿಯೇ ನೋಡೋಣ. ಡಿಎನ್‌ಎ ಅಂದರೆ ಒಂದಕ್ಕೊಂದು ಸುತ್ತಿಕೊಂಡ ಎರಡು ಎಳೆ. ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕ ತುಣುಕುಗಳೇ ಅದರ ‘ಅಕ್ಷರ’ಗಳು, ಎರಡು ಎಳೆಗಳ ಅಕ್ಷರಗಳು ಎದುರುಬದುರಾಗಿ ಜೋಡಿಯಾಗಿರುತ್ತವೆ. ಒಂದು ಕೋಶದಲ್ಲಿ ಅಪ್ಪ, ಅಮ್ಮ ಎರಡೂ ಕಡೆಯದು ಸೇರಿ ಸುಮಾರು 620 ಕೋಟಿ ಅಕ್ಷರಜೋಡಿಗಳಿವೆ. ಒಂದು ಜೋಡಿಗೂ ಮುಂದಿನದಕ್ಕೂ 0.34 ನ್ಯಾನೋಮೀಟರ್ ಅಂತರ. ಗುಣಿಸಿದರೆ ಎರಡು ಮೀಟರಿಗೆ ಸ್ವಲ್ಪ ಜಾಸ್ತಿ ಬರುತ್ತದೆ. ನ್ಯೂಕ್ಲಿಯಸ್ ಅಡ್ಡಳತೆ ಸುಮಾರು 6 ಮೈಕ್ರೋಮೀಟರ್.

ಎಲ್ಲವನ್ನೂ ಹತ್ತು ಸಾವಿರ ಪಟ್ಟು ದೊಡ್ಡದು ಮಾಡಿಕೊಳ್ಳಿ. ನ್ಯೂಕ್ಲಿಯಸ್ ಒಂದು ಟೆನಿಸ್ ಚೆಂಡಿನಷ್ಟಾಗುತ್ತದೆ. ಡಿಎನ್‌ಎ 20 ಕಿಲೋಮೀಟರ್ ಉದ್ದದ, ಕೂದಲಿಗಿಂತ ತೆಳ್ಳಗಿನ ದಾರವಾಗುತ್ತದೆ. ಈಗ ಆ ದಾರ ತುಂಬುವ ಜಾಗ ಲೆಕ್ಕ ಹಾಕಿ. ಚೆಂಡಿನ ಹತ್ತರಲ್ಲಿ ಒಂದು ಪಾಲೂ ತುಂಬುವುದಿಲ್ಲ! ಅಂದರೆ ಜಾಗದ ತೊಂದರೆ ಇಲ್ಲ. ಇರುವ ತೊಂದರೆ ಗಂಟು ಬೀಳುವುದು. ಅಷ್ಟುದ್ದದ ದಾರ ಸಿಕ್ಕುಹಾಕಿಕೊಳ್ಳಬಾರದು, ಬೇಕಾದ ತುಂಡು ಬೇಕಾದಾಗ ಬಿಚ್ಚಿಕೊಳ್ಳಲೂ ಬೇಕು.

ಅದಕ್ಕೆ ಹಿಸ್ಟೋನ್ ಎಂಬ ಪ್ರೋಟೀನುಗಳಿವೆ. ಎಂಟು ಹಿಸ್ಟೋನ್ ಸೇರಿ ಒಂದು ಉಂಡೆ. ಅದರ ಸುತ್ತ 147 ಅಕ್ಷರಗಳಷ್ಟು ಎಳೆ ಹತ್ತಿರ ಹತ್ತಿರ ಎರಡು ಸುತ್ತು ಹಾಕಿಕೊಳ್ಳುತ್ತದೆ. ಸ್ವಲ್ಪ ಮುಂದೆ ಇನ್ನೊಂದು ಉಂಡೆ. ಮಣಿಸರ ಅಂದುಕೊಳ್ಳಿ. ಆ ಸರವನ್ನು ಮತ್ತೆ ಕುಣಿಕೆ ಕುಣಿಕೆಯಾಗಿ ಮಡಚಿದೆ. ಅಷ್ಟಾದರೂ ಗಂಟು ಬಿದ್ದರೆ? ಎಳೆಯನ್ನು ಕತ್ತರಿಸಿ, ಇನ್ನೊಂದು ಎಳೆಯನ್ನು ಆ ಸಂದಿಯಲ್ಲಿ ದಾಟಿಸಿ, ಮತ್ತೆ ಬೆಸೆಯುವ ಕಿಣ್ವಗಳಿವೆ, ಅಂದರೆ ರಾಸಾಯನಿಕ ಕೆಲಸ ಮಾಡಿಸುವ ಪ್ರೋಟೀನುಗಳು. ಅವುಗಳ ಹೆಸರು ಟೋಪೋಐಸೊಮರೇಸ್. ಕ್ಯಾನ್ಸರಿನ ಕೆಲವು ಔಷಧಿಗಳು ಕೆಲಸ ಮಾಡುವುದು ಇವುಗಳ ಕೈಕಟ್ಟಿಯೇ.

ಎ, ಟಿ, ಜಿ, ಸಿ ಅಂತ ನಾಲ್ಕೇ ಅಕ್ಷರ. ಅಷ್ಟರಲ್ಲಿ ಇಡೀ ಮನುಷ್ಯನನ್ನು ಬರೆಯೋಕಾಗುತ್ತಾ?

49 ಅಕ್ಷರದ ವರ್ಣಮಾಲೆಯಲ್ಲಿ ಬೆಳೆದ ನಮಗೆ ನಾಲ್ಕು ಕಡಿಮೆ ಅನ್ನಿಸುವುದು ಸಹಜ. ಆದರೆ ಇಲ್ಲಿ ಓದುವುದು ಮೂರು ಮೂರು ಅಕ್ಷರ ಸೇರಿಸಿ. ಎರಡೆರಡು ಸೇರಿಸಿದ್ದರೆ 16 ಪದ ಆಗುತ್ತಿತ್ತು. ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳು 20, ಹಾಗಾಗಿ ಸಾಲುತ್ತಿರಲಿಲ್ಲ. ಮೂರು ಸೇರಿಸಿದರೆ 64 ಪದ. ಅದರಲ್ಲಿ 61 ಅಮೈನೋ ಆಮ್ಲಗಳನ್ನು ಸೂಚಿಸುತ್ತವೆ, ಮೂರು ‘ಇಲ್ಲಿಗೆ ನಿಲ್ಲಿಸು’ ಅನ್ನುತ್ತವೆ. ಈ ನಿಘಂಟನ್ನು ಬಿಡಿಸಿದ್ದಕ್ಕೆ ಹರ್ ಗೋಬಿಂದ್ ಖೊರಾನಾ, ಮಾರ್ಷಲ್ ನಿರೆನ್‌ಬರ್ಗ್, ರಾಬರ್ಟ್ ಹಾಲಿ ಅವರಿಗೆ 1968ರಲ್ಲಿ ನೊಬೆಲ್ ಬಂತು.

ಅಕ್ಷರಗಳು ಜೋಡಿಯಾಗುವುದು ಎ ಜೊತೆ ಟಿ, ಜಿ ಜೊತೆ ಸಿ ಮಾತ್ರ. ಒಂದು ಎಳೆ ಗೊತ್ತಿದ್ದರೆ ಇನ್ನೊಂದನ್ನು ಬರೆದುಬಿಡಬಹುದು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಜೋಡಿ ಸುರುಳಿಯ ರಚನೆಯನ್ನು ಪ್ರಕಟಿಸಿದಾಗ ಜನ ಬೆರಗಾಗಿದ್ದು ಇದಕ್ಕೇ: ನಕಲು ಹೇಗೆ ಆಗುತ್ತದೆ ಎಂಬುದು ಆಕಾರ ನೋಡಿದರೇ ಗೊತ್ತಾಗುತ್ತಿತ್ತು. ಅವರಿಗೆ ದಾರಿ ತೋರಿಸಿದ ಎಕ್ಸ್-ರೇ ಚಿತ್ರ ರೋಸಲಿಂಡ್ ಫ್ರಾಂಕ್ಲಿನ್ ಅವರ ಪ್ರಯೋಗಾಲಯದ್ದು. 1962ರ ನೊಬೆಲ್ ಹೊತ್ತಿಗೆ ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು.

‘ಈ ಜೀನ್ ಈ ಕೆಲಸ ಮಾಡುತ್ತೆ’ ಅಂತಾರಲ್ಲ, ಜೀನ್ ನಿಜವಾಗಿ ಏನು ಮಾಡುತ್ತೆ?

ಏನೂ ಮಾಡುವುದಿಲ್ಲ. ಸುಮ್ನೆ ಕೂತಿರುತ್ತದೆ. ಕೆಲಸ ಮಾಡುವುದು ಜೀವಕೋಶ. ಬರಹ ತಾನೇ ಎದ್ದು ಓದಿಕೊಳ್ಳುವುದಿಲ್ಲ, ಓದುವವರು ಬೇಕು.

ರಕ್ತದ ಹಿಮೋಗ್ಲೋಬಿನ್ ತಗೊಳ್ಳಿ. ಅದರ ಬೀಟಾ ಸರಪಳಿಯ ಜೀನ್ 11ನೇ ವರ್ಣತಂತುವಿನ ಮೇಲೆ ಇದೆ. ಉದ್ದ ಸುಮಾರು 1,600 ಅಕ್ಷರ. ಕೋಶದ ಒಂದು ಕಿಣ್ವ ಬಂದು ಅಷ್ಟನ್ನೂ ಆರ್‌ಎನ್‌ಎ ರೂಪದಲ್ಲಿ, ಅಂದರೆ ಡಿಎನ್‌ಎಯನ್ನು ಹೋಲುವ ಒಂಟಿ ಎಳೆಯಾಗಿ, ನಕಲು ಮಾಡಿಕೊಳ್ಳುತ್ತದೆ. ಆಮೇಲೆ ನಡುವಿನ ಎರಡು ತುಂಡು ಕತ್ತರಿಸಿ ಬಿಸಾಕಿ ಉಳಿದದ್ದನ್ನು ಅಂಟಿಸುತ್ತದೆ. ಆ ಪ್ರತಿ ನ್ಯೂಕ್ಲಿಯಸ್ ದಾಟಿ ಹೊರಗೆ ಬರುತ್ತದೆ. ಅಲ್ಲಿ ರೈಬೋಸೋಮ್ ಎಂಬ ಯಂತ್ರ ಮೂರು ಮೂರು ಅಕ್ಷರ ಓದುತ್ತಾ 146 ಅಮೈನೋ ಆಮ್ಲಗಳನ್ನು ಪೋಣಿಸುತ್ತದೆ. ಇಷ್ಟಕ್ಕೆಲ್ಲ ಡಿಎನ್‌ಎ ತನ್ನ ಜಾಗ ಬಿಟ್ಟು ಕದಲಿರುವುದಿಲ್ಲ.

ನಮ್ಮಲ್ಲಿ ಎಷ್ಟು ಜೀನ್ ಇವೆ? ಉಳಿದ ಡಿಎನ್‌ಎ ಎಲ್ಲಾ ಕಸಾನಾ?

ಪ್ರೋಟೀನ್ ಮಾಡಿಸುವ ಜೀನ್‌ಗಳು ಸುಮಾರು 20,000. ಪ್ರೋಟೀನಿನ ಮಾಹಿತಿ ನೇರವಾಗಿ ಇರುವುದು ಒಟ್ಟು ಡಿಎನ್‌ಎಯ ನೂರಕ್ಕೆ ಎರಡು ಭಾಗಕ್ಕಿಂತ ಕಡಿಮೆ ಜಾಗದಲ್ಲಿ.

ಉಳಿದದ್ದನ್ನೆಲ್ಲ ಕಸ ಅಂತ ಕರೆಯುವ ರೂಢಿ ಒಂದು ಕಾಲಕ್ಕಿತ್ತು. ಈಗ ‘ಒಂದಕ್ಷರವೂ ವ್ಯರ್ಥವಲ್ಲ’ ಅನ್ನುವ ಇನ್ನೊಂದು ಅತಿ ಶುರುವಾಗಿದೆ. ಎರಡೂ ಬೇಡ. ಉಳಿದದ್ದರಲ್ಲಿ ಯಾವ ಜೀನ್ ಯಾವಾಗ ಓದಬೇಕು ಅಂತ ಹೇಳುವ ಸ್ವಿಚ್ಚುಗಳಿವೆ, ಪ್ರೋಟೀನ್ ಮಾಡದೆ ಬರೀ ಆರ್‌ಎನ್‌ಎ ಕೊಡುವ ಜೀನ್‌ಗಳಿವೆ, ವರ್ಣತಂತುವಿನ ತುದಿ ಸವೆಯದಂತೆ ಕಾಯುವ ಭಾಗಗಳಿವೆ. ಜೊತೆಗೆ ಯಾವ ಕಾಲದಲ್ಲೋ ಹೊಕ್ಕ ವೈರಸ್ಸುಗಳ ಪಳೆಯುಳಿಕೆಗಳೂ ಇವೆ. ಅವೇ ಸುಮಾರು ನೂರಕ್ಕೆ ಎಂಟು ಭಾಗ! ಈರುಳ್ಳಿಯ ಡಿಎನ್‌ಎ ನಮ್ಮದರ ಐದು ಪಟ್ಟು ಉದ್ದ. ಅಷ್ಟೂ ಅಗತ್ಯ ಅಂತ ಒಪ್ಪಲು ನನಗಂತೂ ಕಷ್ಟ.

ವರ್ಣತಂತು ಜಾಸ್ತಿ ಇದ್ದಷ್ಟೂ ಜೀವಿ ಮುಂದುವರಿದದ್ದಾ?

ಅಲ್ಲ. ನಾಯಿಗೆ 78, ಆಲೂಗೆಡ್ಡೆಗೆ 48. ಒಂದು ಜಾತಿಯ ಜರೀಗಿಡಕ್ಕೆ ಸಾವಿರಕ್ಕೂ ಮೇಲೆ. ಭಾರತದ ಕಾಡುಕುರಿಯಲ್ಲಿ ಹೆಣ್ಣಿಗೆ 6, ಗಂಡಿಗೆ 7. ಅದರ ಹತ್ತಿರದ ಸಂಬಂಧಿಯಾದ ಚೀನಾದ ಕಾಡುಕುರಿಗೆ 46. ಎರಡೂ ನೋಡಲು ಹೆಚ್ಚು ಕಡಿಮೆ ಒಂದೇ ರೀತಿ. ಬರಹ ಅದೇ, ಎಷ್ಟು ಸಂಪುಟವಾಗಿ ಕಟ್ಟಿದೆ ಅನ್ನುವುದು ಮಾತ್ರ ಬೇರೆ. ಚಿಂಪಾಂಜಿಗೆ 48 ಇದ್ದು ನಮಗೆ 46 ಇರುವುದೂ ಹೀಗೇ. ಪೂರ್ವಜರ ಎರಡು ವರ್ಣತಂತುಗಳು ತುದಿಗೆ ತುದಿ ಬೆಸೆದು ನಮ್ಮ 2ನೇ ವರ್ಣತಂತು ಆಯಿತು. ಬೆಸುಗೆಯ ಗುರುತು ಇನ್ನೂ ಅಲ್ಲೇ ಇದೆ.

ಸಂಖ್ಯೆ ಅಡ್ಡ ಬರುವುದು ಜೋಡಿ ಹುಡುಕುವಾಗ. ಕುದುರೆಗೆ 64, ಕತ್ತೆಗೆ 62. ಹೇಸರಗತ್ತೆಗೆ 63. ಗಟ್ಟಿಮುಟ್ಟಾಗಿ ಬದುಕುತ್ತದೆ, ಆದರೆ ವರ್ಣತಂತುಗಳಿಗೆ ಸರಿಯಾದ ಜೋಡಿ ಸಿಗದೆ ಅದಕ್ಕೆ ಸಾಮಾನ್ಯವಾಗಿ ಮರಿ ಆಗುವುದಿಲ್ಲ.

## ಹಂಚಿಕೆ, ತಪ್ಪು, ತಿದ್ದುಪಡಿ

ಚರ್ಮಕ್ಕೂ ಮೆದುಳಿಗೂ ಒಂದೇ ಡಿಎನ್‌ಎ ಅಂದಮೇಲೆ ಅವು ಬೇರೆ ಬೇರೆ ಯಾಕೆ?

ಪ್ರತಿ ಕೋಶದಲ್ಲೂ ಇಡೀ ಪುಸ್ತಕ ಇದೆ, ಓದುವ ಪುಟ ಬೇರೆ. ಮೆದುಳಿನ ಕೋಶದಲ್ಲಿ ಹಿಮೋಗ್ಲೋಬಿನ್ ಪುಟವನ್ನು ಬಿಗಿಯಾಗಿ ಸುತ್ತಿ, ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತು ಹಾಕಿ ಮುಚ್ಚಿಟ್ಟಿರುತ್ತದೆ. ಕೋಶ ಎರಡಾದಾಗ ಈ ಗುರುತುಗಳೂ ನಕಲಾಗುತ್ತವೆ. ಅದಕ್ಕೇ ಚರ್ಮದ ಕೋಶಕ್ಕೆ ಹುಟ್ಟುವುದು ಚರ್ಮದ ಕೋಶವೇ.

ಮುಚ್ಚಿದ ಪುಟಗಳು ಹರಿದುಹೋಗಿಲ್ಲ ಅನ್ನುವುದಕ್ಕೆ ಸಾಕ್ಷಿ ಡಾಲಿ ಎಂಬ ಕುರಿ. 1996ರಲ್ಲಿ ಸ್ಕಾಟ್ಲೆಂಡಿನಲ್ಲಿ ಒಂದು ಕುರಿಯ ಕೆಚ್ಚಲಿನ ಕೋಶದ ನ್ಯೂಕ್ಲಿಯಸ್ಸನ್ನು ಇನ್ನೊಂದರ ಖಾಲಿ ಮಾಡಿದ ಅಂಡಾಣುವಿಗೆ ಸೇರಿಸಿ ಅದನ್ನು ಹುಟ್ಟಿಸಿದರು. 277 ಪ್ರಯತ್ನಗಳಲ್ಲಿ ಬದುಕಿದ್ದು ಅದೊಂದೇ.

ಹೆಣ್ಣಿಗೆ ಎರಡು ಎಕ್ಸ್ ಇವೆ. ಹಾಗಾದರೆ ಎಲ್ಲವೂ ಡಬಲ್ ಆಗಲ್ವಾ?

ಒಂದನ್ನು ಬಹುಪಾಲು ಮುಚ್ಚಿಡಲಾಗುತ್ತದೆ. ಯಾವುದನ್ನು ಅನ್ನುವುದು ಪ್ರತಿ ಕೋಶದಲ್ಲೂ ಚೀಟಿ ಎತ್ತಿದ ಹಾಗೆ. 1961ರಲ್ಲಿ ಮೇರಿ ಲಯನ್ ಇದನ್ನು ಸೂಚಿಸಿದರು. ಕಪ್ಪು, ಕಿತ್ತಳೆ ತೇಪೆಗಳ ಬೆಕ್ಕು ನೋಡಿದ್ದೀರಾ? ಆ ತೇಪೆಗಳು ಇದರದೇ ಗುರುತು, ಅಂಥ ಬೆಕ್ಕು ಹೆಚ್ಚು ಕಡಿಮೆ ಯಾವಾಗಲೂ ಹೆಣ್ಣು.

ಒಂದೇ ಅಪ್ಪ ಅಮ್ಮ. ಆದರೂ ಅಣ್ಣ ತಮ್ಮ ಇಷ್ಟು ಬೇರೆ ಯಾಕೆ?

ಅಂಡಾಣುವಿಗೂ ವೀರ್ಯಾಣುವಿಗೂ ಹೋಗುವುದು ಪ್ರತಿ ಜೋಡಿಯಿಂದ ಒಂದು. ಯಾವ ಒಂದು ಅನ್ನುವುದು ಆಕಸ್ಮಿಕ. 23 ಸಲ ನಾಣ್ಯ ಚಿಮ್ಮಿದ ಹಾಗೆ. ಒಬ್ಬರಿಂದಲೇ 83,88,608 ಬಗೆ. ಹತ್ತಿರ ಹತ್ತಿರ 84 ಲಕ್ಷ! ಆ ಸಂಖ್ಯೆ ಕೇಳಿ ಬೇರೆ ಏನೋ ನೆನಪಾದರೆ ಅದು ಬರೀ ಕಾಕತಾಳೀಯ. ಇದರ ಮೇಲೆ ಜೋಡಿಯ ಎರಡು ವರ್ಣತಂತುಗಳು ಬೇರೆಯಾಗುವ ಮುಂಚೆ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಹಾಗಾಗಿ ನಿಜವಾದ ಸಂಖ್ಯೆಗೆ ಕೊನೆಯೇ ಇಲ್ಲ ಅನ್ನಬಹುದು.

ಅಮ್ಮನ ಡಿಎನ್‌ಎ ಜಾಸ್ತಿ ಬರುತ್ತಾ, ಅಪ್ಪನದಾ?

ಅಮ್ಮನದು, ಸ್ವಲ್ಪವೇ ಸ್ವಲ್ಪ. ನ್ಯೂಕ್ಲಿಯಸ್ ಹೊರಗೆ, ಮೈಟೋಕಾಂಡ್ರಿಯಾ ಎಂಬ ಶಕ್ತಿಘಟಕಗಳಲ್ಲಿ 16,569 ಅಕ್ಷರಗಳ, 37 ಜೀನ್‌ಗಳ ಪುಟ್ಟ ಉಂಗುರ ಇದೆ. ಅದು ಬರುವುದು ತಾಯಿಯಿಂದ. ಗಂಡುಮಕ್ಕಳಲ್ಲಿ ವ್ಯತ್ಯಾಸ ಇನ್ನಷ್ಟು, ಯಾಕೆಂದರೆ ಅಮ್ಮ ಕೊಟ್ಟ ಎಕ್ಸ್ ಅಪ್ಪ ಕೊಟ್ಟ ವೈಗಿಂತ ತುಂಬಾ ಉದ್ದ.

ಇಷ್ಟು ಕೋಟಿ ಅಕ್ಷರ ನಕಲು ಮಾಡುವಾಗ ತಪ್ಪಾಗಲ್ವಾ?

ಆಗುತ್ತದೆ. ಮೊದಲು ವೇಗ ನೋಡಿ. ನಕಲು ಮಾಡುವ ಕಿಣ್ವ ಸೆಕೆಂಡಿಗೆ ಸುಮಾರು 50 ಅಕ್ಷರ ಬರೆಯುತ್ತದೆ. ನಮ್ಮ ಅತಿ ಉದ್ದದ 1ನೇ ವರ್ಣತಂತುವಿನಲ್ಲಿ ಸುಮಾರು 25 ಕೋಟಿ ಅಕ್ಷರಜೋಡಿಗಳಿವೆ. ಒಂದು ತುದಿಯಿಂದ ಶುರು ಮಾಡಿದರೆ ಎರಡು ತಿಂಗಳು ಬೇಕು. ಆದರೆ ಕೋಶ ಇದನ್ನು ಸುಮಾರು ಎಂಟು ಗಂಟೆಯಲ್ಲಿ ಮುಗಿಸುತ್ತದೆ. ಸಾವಿರಾರು ಕಡೆ ಒಟ್ಟಿಗೇ ಕೆಲಸ ಶುರುವಾಗುತ್ತದೆ, ಅದೇ ಗುಟ್ಟು.

ಅವಸರದಲ್ಲಿ ಲಕ್ಷಕ್ಕೆ ಒಂದರಂತೆ ತಪ್ಪು ಅಕ್ಷರ ಬೀಳುತ್ತದೆ. ಬರೆದ ಕಿಣ್ವವೇ ಹಿಂದೆ ಸರಿದು ಅಳಿಸುತ್ತದೆ. ಅದರ ಹಿಂದೆ ಇನ್ನೊಂದು ತಂಡ ಕರಡು ತಿದ್ದುತ್ತದೆ. ಕೊನೆಗೆ ಉಳಿಯುವುದು ನೂರು ಕೋಟಿಗೆ ಒಂದೋ, ಅದಕ್ಕೂ ಕಡಿಮೆಯೋ. ಆದರೂ ಪ್ರತಿ ಮಗು ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಸುಮಾರು 60-70 ಹೊಸ ಬದಲಾವಣೆ ಹೊತ್ತು ಹುಟ್ಟುತ್ತದೆ. ಬಹುಪಾಲು ನಿರುಪದ್ರವಿ. ದೇಹದ ಕೋಶಗಳಲ್ಲಿ, ಅದೂ ಕೋಶ ಒಡೆಯುವುದನ್ನು ತಡೆಯುವ ಜೀನ್‌ಗಳಲ್ಲಿ, ತಪ್ಪುಗಳು ಒಂದರ ಮೇಲೊಂದು ಸೇರಿದಾಗ ಕ್ಯಾನ್ಸರ್ ಹುಟ್ಟುತ್ತದೆ.

ಒಂದು ಅಕ್ಷರ ತಪ್ಪುವುದು, ಒಂದು ವರ್ಣತಂತು ಹೆಚ್ಚಾಗುವುದು: ಯಾವುದು ದೊಡ್ಡ ತೊಂದರೆ?

ಅಳತೆ ನೋಡಿ ಹೇಳಲಾಗುವುದಿಲ್ಲ. ಮೇಲೆ ಹೇಳಿದ ಹಿಮೋಗ್ಲೋಬಿನ್ ಜೀನ್‌ನಲ್ಲಿ ಒಂದು ಎ ಇರಬೇಕಾದಲ್ಲಿ ಟಿ ಬಂದರೆ ಆರನೇ ಅಮೈನೋ ಆಮ್ಲ ಬದಲಾಗುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಅಂಥ ಪ್ರತಿಯೇ ಬಂದರೆ ರಕ್ತಕಣಗಳು ಕುಡುಗೋಲಿನಂತೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ಅದೇ ಸಿಕಲ್ ಸೆಲ್ ಕಾಯಿಲೆ.

ಇನ್ನೊಂದು ಕಡೆ, 21ನೇ ವರ್ಣತಂತುವಿನ ಮೂರು ಪ್ರತಿ ಇದ್ದರೆ ಡೌನ್ ಸಿಂಡ್ರೋಮ್. ಇದು 1959ರಲ್ಲಿ ಗೊತ್ತಾಯಿತು. ಬರಹದಲ್ಲಿ ತಪ್ಪಿಲ್ಲ, ಪ್ರಮಾಣ ಹೆಚ್ಚಾಗಿದೆ. 21 ನಮ್ಮ ಅತಿ ಚಿಕ್ಕ ವರ್ಣತಂತು, ಜೀನ್‌ಗಳೂ ಕಡಿಮೆ. ಅದಕ್ಕೇ ಮಗು ಹುಟ್ಟಿ ಬದುಕಿ ಬಾಳಲು ಸಾಧ್ಯ. ದೊಡ್ಡ ವರ್ಣತಂತು ಹೆಚ್ಚಾದರೆ ಗರ್ಭವೇ ಸಾಮಾನ್ಯವಾಗಿ ನಿಲ್ಲುವುದಿಲ್ಲ.

ನನ್ನಲ್ಲಿ ‘ಆ ಕಾಯಿಲೆಯ ಜೀನ್’ ಇದೆ ಅಂತ ವರದಿ ಬಂದಿದೆ. ಕಾಯಿಲೆ ಬಂದೇ ಬರುತ್ತಾ?

ಮೊದಲು ಮಾತು ಸರಿ ಮಾಡಿಕೊಳ್ಳೋಣ. ಕಾಯಿಲೆಗೆ ಅಂತ ಜೀನ್ ಇಲ್ಲ. ಬಿಆರ್‌ಸಿಎ1 ಎಂಬ ಜೀನ್ ಎಲ್ಲರಲ್ಲೂ ಇದೆ, ಅದರ ಕೆಲಸ ಮುರಿದ ಡಿಎನ್‌ಎ ರಿಪೇರಿಗೆ ನೆರವಾಗುವುದು. ಅದರ ಪ್ರತಿ ಕೆಟ್ಟಿದ್ದರೆ ಸ್ತನ ಕ್ಯಾನ್ಸರಿನ ಸಂಭವ ತುಂಬಾ ಏರುತ್ತದೆ, ಆದರೂ ಎಲ್ಲರಿಗೂ ಬರುವುದಿಲ್ಲ. ಸಿಕಲ್ ಸೆಲ್‌ನಂಥದ್ದರಲ್ಲಿ ಒಂದೇ ಪ್ರತಿ ಕೆಟ್ಟಿದ್ದರೆ ಸಾಮಾನ್ಯವಾಗಿ ಆರೋಗ್ಯವಾಗಿಯೇ ಇರುತ್ತಾರೆ, ಮಕ್ಕಳಿಗೆ ದಾಟಿಸಬಹುದು ಅಷ್ಟೇ. ಮೆದುಳಿನ ನರಕೋಶಗಳನ್ನು ನಿಧಾನವಾಗಿ ಕೆಡಿಸುವ ಹಂಟಿಂಗ್ಟನ್ ಕಾಯಿಲೆಯ ಬದಲಾವಣೆ ಮಾತ್ರ ಅಂಥ ರಿಯಾಯಿತಿ ಕೊಡುವುದಿಲ್ಲ. ಮೂರೂ ಮೂರು ಬೇರೆ ಕತೆ. ಹಾಗಾಗಿ ವರದಿಯನ್ನು ಒಬ್ಬರೇ ಓದಿ ನಿದ್ದೆಗೆಡಬೇಡಿ, ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಓದಿಸಿಕೊಳ್ಳಿ.

ಕೆಟ್ಟ ಜೀನ್ ತಿದ್ದಬಹುದು ಅಂತಾರೆ. ನಿಜಾನಾ?

ಕೆಲವು ಕಾಯಿಲೆಗಳಲ್ಲಿ ನಿಜ. 2012ರಲ್ಲಿ ಷಾರ್ಪೆಂಟಿಯೆ ಮತ್ತು ಡೌಡ್ನಾ ತೋರಿಸಿದ ಕ್ರಿಸ್ಪರ್ ವಿಧಾನ ಡಿಎನ್‌ಎಯನ್ನು ಬೇಕಾದ ಜಾಗದಲ್ಲೇ ಕತ್ತರಿಸುತ್ತದೆ. ಅದನ್ನು ಬಳಸಿದ ಸಿಕಲ್ ಸೆಲ್ ಚಿಕಿತ್ಸೆಗೆ 2023ರ ಕೊನೆಗೆ ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಒಪ್ಪಿಗೆ ಸಿಕ್ಕಿತು. ತಮಾಷೆ ಅಂದರೆ ಆ ಚಿಕಿತ್ಸೆ ತಪ್ಪು ಅಕ್ಷರವನ್ನು ಮುಟ್ಟುವುದೇ ಇಲ್ಲ! ಗರ್ಭದಲ್ಲಿದ್ದಾಗ ಬಳಸಿ ಆಮೇಲೆ ಮುಚ್ಚಿಟ್ಟ ಬೇರೆ ಹಿಮೋಗ್ಲೋಬಿನ್ ಜೀನ್ ಒಂದಿದೆ. ಅದನ್ನು ಮುಚ್ಚಿಟ್ಟಿರುವ ಸ್ವಿಚ್ಚನ್ನು ಕೆಡಿಸುತ್ತದೆ. ಹಳೆಯ ಪುಟ ಮತ್ತೆ ತೆರೆದುಕೊಳ್ಳುತ್ತದೆ. ತಿದ್ದುವುದು ರಕ್ತ ಹುಟ್ಟಿಸುವ ಕೋಶಗಳಲ್ಲಿ ಮಾತ್ರ, ಹಾಗಾಗಿ ಬದಲಾವಣೆ ಮಕ್ಕಳಿಗೆ ಹೋಗುವುದಿಲ್ಲ.

ಡಿಎನ್‌ಎ ಸಿಕ್ಕಿದರೆ ಅಳಿದುಹೋದ ಪ್ರಾಣಿಯನ್ನು ಮತ್ತೆ ಹುಟ್ಟಿಸಬಹುದಾ?

ಎರಡು ಅಡ್ಡಿ ಇವೆ. ಒಂದು, ಹಳೆಯ ಡಿಎನ್‌ಎ ಚೂರು ಚೂರಾಗಿರುತ್ತದೆ. ಹಿಮದಲ್ಲಿ ಹೂತುಹೋದ ಮ್ಯಾಮತ್ ಆನೆಯದೂ ಅಷ್ಟೇ. ಚೂರುಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ಓದಬಹುದು, ಕೋಶದೊಳಗೆ ಇಡುವಂಥ ಇಡೀ ವರ್ಣತಂತುಗಳು ಅದರಿಂದ ಬರುವುದಿಲ್ಲ.

ಎರಡನೆಯದು ಇನ್ನೂ ದೊಡ್ಡದು. ಪೂರ್ತಿ ಡಿಎನ್‌ಎ ಕೈಯಲ್ಲಿದ್ದರೂ ಗಾಜಿನ ನಳಿಗೆಯಲ್ಲಿ ಅದು ಬಿಳಿ ನೂಲಿನ ಮುದ್ದೆ, ಅಷ್ಟೇ. ಓದುವ ಕಿಣ್ವ, ರೈಬೋಸೋಮ್, ಸುತ್ತಲಿನ ಪೊರೆ ಎಲ್ಲವೂ ಮೊದಲೇ ಇರಬೇಕು. 2010ರಲ್ಲಿ ಕ್ರೇಗ್ ವೆಂಟರ್ ತಂಡ ಒಂದು ಬ್ಯಾಕ್ಟೀರಿಯಾದ 10 ಲಕ್ಷಕ್ಕೂ ಹೆಚ್ಚು ಅಕ್ಷರಗಳ ಡಿಎನ್‌ಎಯನ್ನು ಪ್ರಯೋಗಾಲಯದಲ್ಲೇ ಕಟ್ಟಿ, ಅದರಿಂದ ನಡೆಯುವ ಜೀವಿಯನ್ನು ತೋರಿಸಿತು. ‘ಕೃತಕ ಜೀವ’ ಅಂತ ಸುದ್ದಿಯಾಯಿತು. ಆದರೆ ಆ ಡಿಎನ್‌ಎ ಇಡಲು ಅವರು ತಂದದ್ದು ಆಗಲೇ ಬದುಕಿದ್ದ ಇನ್ನೊಂದು ಬ್ಯಾಕ್ಟೀರಿಯಾದ ಕೋಶ. ಅದನ್ನು ಮಾತ್ರ ಅವರು ಕಟ್ಟಿರಲಿಲ್ಲ.